ಮೊಣಕಾಲಿಗೆ ಹೊಸ ಮೃದ್ವಸ್ಥಿ: ಬೆಳೆಸಿದರೆ ಸಾಲದು, ಬಲಿಯಬೇಕು

ಅಡಿಕೆ ಮರ ಏರುವವರಿಗೆ, ದಿನವಿಡೀ ಕಾಲು ಮಡಚಿ ಬೀಡಿ ಕಟ್ಟುವವರಿಗೆ ಮೊಣಕಾಲು ನೋವು ಹೊಸತಲ್ಲ. “ಈಗ ಪ್ರಯೋಗಾಲಯದಲ್ಲಿ ಮೃದ್ವಸ್ಥಿ ಬೆಳೆಸುತ್ತಾರಂತೆ, ನಮಗೂ ಆದೀತೇ?” ಎಂದು ನಮ್ಮ ಕಾಸರಗೋಡಿನ ಮನೆಗಳಲ್ಲೂ ಕೇಳುವವರಿದ್ದಾರೆ.

ಎಲುಬಿನ ತುದಿಯನ್ನು ಮುಚ್ಚಿರುವ ನುಣುಪಾದ ಪದರವೇ ಮೃದ್ವಸ್ಥಿ. ದಪ್ಪ ಕೆಲವೇ ಮಿಲಿಮೀಟರ್. ಅದರಲ್ಲಿ ಶೇಕಡಾ 70ರಿಂದ 80ರಷ್ಟು ನೀರು. ಕೊಲಾಜೆನ್ ಎಂಬ ನಾರುಗಳು ತೆಂಗಿನ ಹುರಿಹಗ್ಗದಂತೆ ಅದನ್ನು ಬಿಗಿದಿಟ್ಟಿವೆ. ನಡೆಯುವಾಗ ಮೊಣಕಾಲಿನ ಮೇಲೆ ದೇಹತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅದನ್ನೆಲ್ಲ ತಾಳುವ ಈ ಪದರಕ್ಕೆ ರಕ್ತನಾಳಗಳೇ ಇಲ್ಲ. ಹಾಗಾಗಿ ಒಮ್ಮೆ ಹಾಳಾದರೆ ತಾನಾಗಿ ಮೊದಲಿನಂತಾಗುವುದಿಲ್ಲ. ಲಂಡನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಇದನ್ನು ಹೇಳಿದ್ದರು.

ಸ್ವೀಡನ್ನಿನ ವೈದ್ಯರು 1987ರಲ್ಲಿ ಹೊಸ ದಾರಿ ಹಿಡಿದರು. ರೋಗಿಯದೇ ಮೃದ್ವಸ್ಥಿಯ ಚೂರೊಂದನ್ನು ತೆಗೆದು, ಅದರ ಜೀವಕೋಶಗಳನ್ನು ಕೆಲವು ವಾರ ಬೆಳೆಸಿ, ಗಾಯದ ಗುಳಿಯಲ್ಲಿ ಇರಿಸಿದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಭಾರತದಲ್ಲೂ ಇಂಥ ಚಿಕಿತ್ಸೆಗೆ 2017ರಲ್ಲಿ ಅನುಮತಿ ದೊರೆಯಿತು.

ಆದರೆ ಬೆಳೆದದ್ದೆಲ್ಲ ಬಲಿತದ್ದಲ್ಲ. ಎಳನೀರಿನೊಳಗಿನ ತಿರುಳೂ ಕಾಯಿಯೇ. ಆದರೆ ಬೆರಳಿಟ್ಟರೆ ಕುಸಿಯುತ್ತದೆ. ಪ್ರಯೋಗಾಲಯದ ಮೃದ್ವಸ್ಥಿಯೂ ಹೀಗೆಯೇ. ಮುಖ್ಯವಾಗಿ ಅದರ ನಾರುಗಳು ಎಳೆತವನ್ನು ಸಹಜ ಮೃದ್ವಸ್ಥಿಯಷ್ಟು ತಾಳುವುದಿಲ್ಲ. ಅದಕ್ಕೆಂದೇ ವಿಜ್ಞಾನಿಗಳು ಬೆಳೆಯುತ್ತಿರುವ ಅಂಗಾಂಶವನ್ನು ಯಂತ್ರದಿಂದ ಮೆಲ್ಲಗೆ ಒತ್ತಿ ಬಿಡುತ್ತಾರೆ. ನಡಿಗೆಯ ಭಾರವನ್ನು ಹೋಲುವ ಈ ಒತ್ತಡದಿಂದ ಅದು ಗಟ್ಟಿಯಾಗುತ್ತದೆ. ಅಕ್ಕಪಕ್ಕದ ಹಳೆಯ ಪದರಕ್ಕೆ ಚೆನ್ನಾಗಿ ಬೆಸೆದುಕೊಳ್ಳುವುದು ಇನ್ನೊಂದು ಕಷ್ಟ.

ಮೊಣಕಾಲಿನಲ್ಲಿ ಇರಿಸಿದ ಜೀವಕೋಶಗಳಿಗೂ ಬಲಿಯಲು ತಿಂಗಳುಗಟ್ಟಲೆ ಸಮಯ ಬೇಕು. ಮೊದಲ ಕೆಲವು ವಾರ ಊರುಗೋಲು, ಬಳಿಕ ಹಂತಹಂತವಾಗಿ ವ್ಯಾಯಾಮ. ನೋವು ಕಡಿಮೆಯಾಯಿತೆಂದು ಬೇಗನೆ ಮರ ಏರಿದರೆ ಮಾಡಿದ್ದೆಲ್ಲ ವ್ಯರ್ಥವಾದೀತು. ದಿನದ ಕೂಲಿಯನ್ನೇ ನಂಬಿದ ಮನೆಗೆ ಇದು ಸಣ್ಣ ಮಾತಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲೇ “ಎಷ್ಟು ತಿಂಗಳು ಕೆಲಸ ಬಿಡಬೇಕು?” ಎಂದು ವೈದ್ಯರಲ್ಲಿ ಕೇಳಿ, ಮನೆಯವರೆಲ್ಲ ಕುಳಿತು ಮಾತಾಡುವುದು ಒಳ್ಳೆಯದು.

ಇನ್ನೊಂದು ಮಾತು. ಪೆಟ್ಟಿನಿಂದ ಒಂದೇ ಕಡೆ ಗುಳಿ ಬಿದ್ದ, ಸಾಮಾನ್ಯವಾಗಿ ಕಿರಿಯ ವಯಸ್ಸಿನವರಿಗೆ ಈ ಚಿಕಿತ್ಸೆ. ವಯಸ್ಸಾಗಿ ಇಡೀ ಗಂಟು ಸವೆದ ಅಜ್ಜ ಅಜ್ಜಿಯರಿಗೆ ಇದು ಮದ್ದಲ್ಲ. ಅವರಿಗೆ ತೂಕ ಇಳಿಸುವುದು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ತೀರಾ ಅಗತ್ಯವಾದರೆ ಕೀಲು ಬದಲಾವಣೆ.

ಆಟದಲ್ಲಿ ಬಿದ್ದ ಮಗನ ಮೊಣಕಾಲು ಊದಿದೆಯೇ? ಮಡಚಿದ ಕಾಲು ಬಿಡಿಸಲಾಗದೆ ಸಿಕ್ಕಿಕೊಳ್ಳುತ್ತಿದೆಯೇ? ಎಣ್ಣೆ ತಿಕ್ಕಿ ದಿನ ಕಳೆಯಬೇಡಿ. ಬೇಗನೆ ಎಲುಬು ತಜ್ಞರಿಗೆ ತೋರಿಸಿ. ಇರುವ ಮೃದ್ವಸ್ಥಿಯನ್ನು ಉಳಿಸಿಕೊಳ್ಳುವುದೇ ಈಗಲೂ ಎಲ್ಲಕ್ಕಿಂತ ಅಗ್ಗದ, ಗಟ್ಟಿಯಾದ ಉಪಾಯ.