ಸಂಸತ್ತಿನ ಪೀಠದಲ್ಲಿ ಶಾಲೆಯ ಮಕ್ಕಳು

ಆಸ್ಟ್ರೇಲಿಯಾದ ಪ್ರಾಥಮಿಕ ಶಾಲೆಗಳಲ್ಲಿ ಐದನೆಯ ಅಥವಾ ಆರನೆಯ ತರಗತಿಗೆ ಬಂದ ಮಕ್ಕಳನ್ನು ರಾಜಧಾನಿಯಾದ ಕ್ಯಾನ್‌ಬೆರಾಕ್ಕೆ ಕರೆದೊಯ್ಯುವುದು ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಆ ಯಾತ್ರೆಯ ಮುಖ್ಯ ಗಮ್ಯವೆಂದರೆ ಗುಡ್ಡವೊಂದರ ಒಡಲಿನಲ್ಲಿ ಹುದುಗಿದಂತೆ ತೋರುವ ಸಂಸತ್ ಭವನ. 1988ರ ಮೇ 9ರಂದು ರಾಣಿ ಎರಡನೆಯ ಎಲಿಜಬೆತ್ ಉದ್ಘಾಟಿಸಿದ ಈ ಸೌಧದ ಶಿಲ್ಪಿ ರೊಮಾಲ್ಡೊ ಜುರ್ಗೊಲಾ, ಅದರ ಮಾಡಿಗೆ ಹಸುರು ಹುಲ್ಲನ್ನು ಹೊದಿಸಿ, ಪ್ರಜೆಗಳು ತಮ್ಮ ಪ್ರತಿನಿಧಿಗಳಿಗಿಂತ ಎತ್ತರದಲ್ಲಿ ಸ್ವೇಚ್ಛೆಯಾಗಿ ನಡೆದಾಡುವಂತೆ ಅದನ್ನು ರಚಿಸಿದರು. ಭದ್ರತೆಯ ನಿಮಿತ್ತ ಆ ಇಳಿಜಾರಿಗೆ ಈಚೆಗೆ ಬೇಲಿ ಬಂದಿದೆಯಾದರೂ, ಶಿಲ್ಪಿಯ ಆಶಯವು ಅದರಿಂದ ಕುಂದಿಲ್ಲವೆಂದು ನಾನು ನಂಬುತ್ತೇನೆ.

ಒಳಗೆ ಕೆಳಮನೆಗೆ ಹಸುರು, ಮೇಲ್ಮನೆಯಾದ ಸೆನೆಟ್ಟಿಗೆ ಕೆಂಪು. ಬಣ್ಣಗಳ ಈ ವ್ಯತ್ಯಾಸವು ಬ್ರಿಟನ್ನಿನ ಸಂಸತ್ತಿನಿಂದ ಬಂದುದೇ; ಆದರೆ ಇಲ್ಲಿ ಅವು ಅಲ್ಲಿಯ ನಿಸರ್ಗದ ಛಾಯೆಯನ್ನು ತಳೆದು, ಆ ನೆಲದ ಬಣ್ಣಗಳೇ ಆಗಿಬಿಟ್ಟಿವೆ.

ಕಂಬಗಳನ್ನೂ ಚಿತ್ರಗಳನ್ನೂ ನೋಡಿ ಹಿಂದಿರುಗುವುದಷ್ಟೇ ಆಗಿದ್ದರೆ ಇದನ್ನು ಇಷ್ಟು ಆದರದಿಂದ ಬರೆಯಬೇಕಾಗಿರಲಿಲ್ಲ. ಭವನದೊಳಗೆಯೇ ಇರುವ ಸಂಸದೀಯ ಶಿಕ್ಷಣ ಕಚೇರಿಯು, ಬಂದ ಮಕ್ಕಳನ್ನು ಸಭಾಗೃಹವನ್ನು ಹೋಲುವ ಕೊಠಡಿಯೊಂದರಲ್ಲಿ ಕೂರಿಸಿ, ಒಬ್ಬಳಿಗೆ ಸಭಾಧ್ಯಕ್ಷರ ನಿಲುವಂಗಿಯನ್ನು ತೊಡಿಸಿ, ಮತ್ತೊಬ್ಬನ ಹೆಗಲಿಗೆ ಸಭೆಯ ಅಧಿಕಾರದ ಲಾಂಛನವಾದ ದಂಡವನ್ನು ಏರಿಸಿ, ಉಳಿದವರನ್ನು ಸರಕಾರ, ವಿರೋಧಪಕ್ಷ, ಸಣ್ಣ ಪಕ್ಷ, ಸ್ವತಂತ್ರರು ಎಂದು ವಿಂಗಡಿಸಿ, ಮಸೂದೆಯೊಂದನ್ನು ಚರ್ಚಿಸಲು ಬಿಡುತ್ತದೆ. ತನಗೆ ಒಪ್ಪಿಗೆಯಿಲ್ಲದ ಮಸೂದೆಯನ್ನು ಪಕ್ಷದ ನಿಮಿತ್ತ ಸಮರ್ಥಿಸಬೇಕಾಗಿ ಬಂದ ಹತ್ತು ವರ್ಷದ ಮಗುವಿಗೆ, ಎದುರು ಸಾಲಿನವರ ವಾದದಲ್ಲಿಯೂ ಹುರುಳಿರಬಹುದೆಂಬ ಅರಿವು ಯಾವ ಪಠ್ಯಪುಸ್ತಕವೂ ಮೂಡಿಸಲಾರದಷ್ಟು ಸ್ಪಷ್ಟವಾಗಿ ಮೂಡುತ್ತದೆ. ಅಭಿಪ್ರಾಯ ಭಿನ್ನವಾದಾಗ ಎಣಿಕೆ. ನಿಜವಾದ ಕೆಳಮನೆಯಲ್ಲಿ ನಾಲ್ಕು ನಿಮಿಷ ಗಂಟೆ ಬಾರಿಸಿ, ಬಾಗಿಲುಗಳಿಗೆ ಬೀಗ ಹಾಕಿದ ಮೇಲೆ, ಪರವಾದವರು ಅಧ್ಯಕ್ಷರ ಬಲಕ್ಕೂ ವಿರೋಧಿಗಳು ಎಡಕ್ಕೂ ಸರಿದು ಕೂರುತ್ತಾರೆ. ಮಕ್ಕಳೂ ಈ ಪದ್ಧತಿಯನ್ನೇ ಅನುಸರಿಸಿ, ತಮ್ಮ ಮತವನ್ನು ಬಚ್ಚಿಡದೆ, ಸ್ನೇಹಿತರೆಲ್ಲರ ಕಣ್ಣೆದುರಿಗೆ ಒಂದು ಪಕ್ಕವನ್ನು ಆರಿಸಿಕೊಳ್ಳಬೇಕು. ಸೋತವರು ಸೋಲನ್ನು ಒಪ್ಪಿ, ಮುಂದಿನ ಕಾರ್ಯಕ್ಕೆ ಅಲ್ಲಿಯೇ ಕೂತಿರಬೇಕು. ಈ ಕಡೆಯ ಪಾಠವನ್ನೇ ನಾನು ಎಲ್ಲಕ್ಕಿಂತ ಅಮೂಲ್ಯವೆಂದು ಎಣಿಸುತ್ತೇನೆ.

ಆಸ್ಟ್ರೇಲಿಯಾದ ರಾಷ್ಟ್ರೀಯ ಚುನಾವಣೆಗಳಲ್ಲಿ ಮತದಾನವು 1924ರ ಶಾಸನದಿಂದ ಕಡ್ಡಾಯವಾಗಿದೆ. ಈ ಮಕ್ಕಳು ಹದಿನೆಂಟು ತುಂಬಿದೊಡನೆ ಆ ಹೊಣೆಗೆ ಒಳಗಾಗುವವರು. ಮತ ಹಾಕದವನಿಗೆ ದಂಡ ವಿಧಿಸುವ ರಾಜ್ಯವು, ಆ ಮತದಿಂದ ಏನು ನಡೆಯುತ್ತದೆಂಬುದನ್ನು ಮೊದಲೇ ತೋರಿಸಲು ಹಣ ವ್ಯಯಿಸುವುದು ನ್ಯಾಯವೇ ಸರಿ. ಕ್ಯಾನ್‌ಬೆರಾದಿಂದ 150 ಕಿಲೋಮೀಟರಿಗಿಂತ ದೂರದ ಶಾಲೆಗಳಿಗೆ, ನಾಲ್ಕನೆಯ ತರಗತಿಯಿಂದ ಮೇಲ್ಪಟ್ಟ ಮಕ್ಕಳ ಪ್ರಯಾಣವೆಚ್ಚದ ಒಂದಂಶವನ್ನು ಕೇಂದ್ರ ಸರಕಾರವು ಸಹಾಯಧನವಾಗಿ ಕೊಡುತ್ತದೆ. ಈ ಹಣವು ದೂರಕ್ಕೆ ತಕ್ಕಂತೆ ಏರುವುದರಿಂದ, ಬಸ್ಸಿನಲ್ಲಿ ಕೆಲವೇ ಗಂಟೆಗಳಲ್ಲಿ ಬಂದು ಸೇರುವ ಸಿಡ್ನಿಯ ಮಗುವಿಗೆ ಸಲ್ಲುವುದಕ್ಕಿಂತ, ಖಂಡದ ಮತ್ತೊಂದು ಅಂಚಿನಿಂದ ಬರಬೇಕಾದ ಪರ್ತ್‌ನ ಮಗುವಿಗೆ ಹೆಚ್ಚು ಸಲ್ಲುತ್ತದೆ.