ಬಿಸಿಲಿಗೆ ಬಟ್ಟೆ ಕಟ್ಟೋದು ಹೇಗೆ? ಕಕ್ಕಬೆಯ ತೋಟದಲ್ಲಿ ಕಲಿತ ಪಾಠ

(ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಕಕ್ಕಬೆಯ ಅಜ್ಜ ಕಾಫಿ ತೋಟದಲ್ಲಿ ಕೂತು ಮಾತಾಡಿದ ವಿಡಿಯೋ ನೋಡಿ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರಿ. ಮಾರ್ಚ್ ತಿಂಗಳು, ಬೆಳಗ್ಗೆ ಹನ್ನೊಂದೂವರೆ, ಸುಡು ಬಿಸಿಲು. ಆದ್ರೂ ಮುಖ ಅಷ್ಟು ಮೆತ್ತಗೆ ಹೇಗೆ ಬಂತು? ಯಾವ ಫೋನು, ಯಾವ ಫಿಲ್ಟರ್? ಫಿಲ್ಟರ್ ಇಲ್ಲ. ಅಜ್ಜನ ತಲೆ ಮೇಲೆ 12 ಅಡಿ ಉದ್ದ, 12 ಅಡಿ ಅಗಲದ ಬಿಳಿ ಬಟ್ಟೆ ಇತ್ತು, ಅಷ್ಟೇ. ಇನ್ನು ಕೆಲವರು ಕೇಳಿದ್ದು, ಮಾತು ಅರ್ಧಕ್ಕೆ ತಟ್ಟನೆ ಕಟ್ ಆಗಿ ಆಮೇಲೆ ಮನೆ ಜಗುಲಿಯಲ್ಲಿ ಯಾಕೆ ಶುರುವಾಗುತ್ತೆ ಅಂತ. ಅದಕ್ಕೂ ಅದೇ ಬಟ್ಟೆ ಕಾರಣ. ಇವತ್ತು ಎರಡನ್ನೂ ಹೇಳ್ತೀನಿ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಅಜ್ಜ ಆವತ್ತು ಕುಪ್ಯ ಹಾಕ್ಕೊಂಡು ಬಂದಿದ್ರು. ಕಪ್ಪು ಕುಪ್ಯ, ಕೆಂಪು ಚೇಲೆ, ಸೊಂಟದಲ್ಲಿ ಬೆಳ್ಳಿ ಹೊದಿಕೆಯ ಪೀಚೆಕತ್ತಿ. ನೇರ ಬಿಸಿಲಲ್ಲಿ ನಿಲ್ಲಿಸಿ ಫೋನ್ ಹಿಡಿದ್ರೆ ಕುಪ್ಯ ಮಸಿ ಚೆಲ್ಲಿದ ಹಾಗೆ, ಕತ್ತಿ ಕಣ್ಣು ಕುಕ್ಕೋ ಹಾಗೆ, ಮುಖದಲ್ಲಿ ಹಣೆ ಮತ್ತು ಮೂಗಿನ ತುದಿ ಬಿಟ್ರೆ ಬೇರೇನೂ ಇಲ್ಲ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ. ಎಂಬತ್ತು ದಾಟಿದವರು ಒಂದು ವಿಷಯ ನೆನಪು ಮಾಡಿಕೊಳ್ಳುವಾಗ ಕಣ್ಣೇ ಕಾಣದಿದ್ರೆ ವಿಡಿಯೋ ಯಾಕೆ ಬೇಕು? ಆಡಿಯೋನೇ ಸಾಕಲ್ಲ.

ಬಿಸಿಲು ಹೀಗೆ ಒರಟಾಗೋದಕ್ಕೆ ಅದರ ಪ್ರಖರತೆ ಕಾರಣ ಅಂತ ನಾನೂ ಅಂದ್ಕೊಂಡಿದ್ದೆ. ಅದಲ್ಲ. ಕಾರಣ, ನಮಗೆ ಕಾಣೋ ಸೂರ್ಯ ತುಂಬಾ ಚಿಕ್ಕದು. ಆಕಾಶದಲ್ಲಿ ಅದರ ಅಗಲ ಹೆಚ್ಚುಕಮ್ಮಿ ಅರ್ಧ ಡಿಗ್ರಿ. ಕೈ ಪೂರ್ತಿ ಚಾಚಿ ಕಿರುಬೆರಳು ಎತ್ತಿದ್ರೆ ಅದರ ಅರ್ಧ ಅಗಲ ಸಾಕು, ಸೂರ್ಯ ಮುಚ್ಚಿಹೋಗುತ್ತೆ. (ಬರಿಗಣ್ಣಲ್ಲಿ ನೋಡಿ ಪರೀಕ್ಷೆ ಮಾಡ್ಬೇಡಿ. ಚಂದ್ರನ ಅಗಲವೂ ಅಷ್ಟೇ, ಹುಣ್ಣಿಮೆ ರಾತ್ರಿ ನೋಡಿ.) ಬೆಳಕು ಒಂದು ಚುಕ್ಕಿಯಿಂದ ಬಂದಾಗ ಮೂಗಿನ ಪಕ್ಕಕ್ಕೆ ಬೆಳಕು ಸೇರೋದಕ್ಕೆ ಬೇರೆ ದಾರಿ ಇಲ್ಲ. ಹಾಗಾಗಿ ನೆರಳಿನ ಅಂಚು ಬ್ಲೇಡಲ್ಲಿ ಕುಯ್ದ ಹಾಗೆ ಬೀಳುತ್ತೆ. ಬೆಳಕು ದೊಡ್ಡ ಜಾಗದಿಂದ ಬಂದ್ರೆ ಒಂದು ಕಡೆಯಿಂದ ತಲುಪದ್ದು ಇನ್ನೊಂದು ಕಡೆಯಿಂದ ತಲುಪುತ್ತೆ, ಅಂಚು ಕರಗುತ್ತೆ. ಮೋಡ ಕವಿದ ದಿನ ಎಲ್ಲರ ಫೋಟೋನೂ ಚೆನ್ನಾಗಿ ಬರೋದು ಇದಕ್ಕೇ. ಆವತ್ತು ಇಡೀ ಆಕಾಶವೇ ಒಂದು ದೀಪ.

ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆ ಮಾಡೋದು ಇದನ್ನೇ. ಬಿಸಿಲು ಬಟ್ಟೆಗೆ ಬಿದ್ದು ನೂಲಿನ ನಡುವೆ ಚದುರಿ ಕೆಳಗೆ ಇಳಿಯುತ್ತೆ. ಕೆಳಗೆ ಕೂತವರಿಗೆ ಈಗ ಬೆಳಕಿನ ಮೂಲ ಸೂರ್ಯ ಅಲ್ಲ, ಬಟ್ಟೆ. ನಮ್ಮ ಸಿನಿಮಾ ಯೂನಿಟ್‌ಗಳಲ್ಲಿ ಇದನ್ನ ಸ್ಕಿಮ್ಮರ್ ಅಂತಾರೆ. ಬೆಳಕನ್ನ ತಡೆಯೋ ಕಪ್ಪು ಬಟ್ಟೆ ಕಟ್ಟರ್.

ಇಲ್ಲಿ ಒಂದು ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. 20 ಅಡಿ ಬಟ್ಟೆಯನ್ನ ಮುಖದಿಂದ 40 ಅಡಿ ಮೇಲೆ ಕಟ್ಟಿದ್ರೆ ಅದು ಮುಖಕ್ಕೆ ಸುಮಾರು 28 ಡಿಗ್ರಿ ಅಗಲ ಕಾಣುತ್ತೆ. 12 ಅಡಿಯದನ್ನ 10 ಅಡಿ ಮೇಲೆ ಕಟ್ಟಿದ್ರೆ 60 ಡಿಗ್ರಿ ದಾಟುತ್ತೆ. ಅಂದ್ರೆ ಚಿಕ್ಕದನ್ನ ಹತ್ತಿರ ತಂದ್ರೆ ಬೆಳಕು ಇನ್ನೂ ಮೆತ್ತಗೆ. ಬಾಡಿಗೆಗೆ ತರುವಾಗ ದೊಡ್ಡದೇ ಬೇಕು ಅಂತ ಹಟ ಮಾಡ್ಬೇಡಿ. ಒಬ್ಬರು ಕೂತು ಮಾತಾಡೋದಕ್ಕೆ 8 ಅಡಿ, ಇಬ್ಬರಿಗೆ 12 ಸಾಕು. ನಡ್ಕೊಂಡು ಬರೋ ಶಾಟ್ ಇದ್ರೆ ಮಾತ್ರ 20ರ ಮಾತು.

ಬಟ್ಟೆ ದಪ್ಪ ಇದ್ದಷ್ಟೂ ಒಳ್ಳೇದು ಅನ್ನೋದೂ ತಪ್ಪು. ತೆಳು ರೇಷ್ಮೆಯಂಥ ಬಟ್ಟೆ ಬೆಳಕನ್ನ ಸುಮಾರು ಒಂದು ಸ್ಟಾಪ್, ಅಂದ್ರೆ ಅರ್ಧಕ್ಕೆ ಇಳಿಸುತ್ತೆ. ದಪ್ಪದ್ದು ಎರಡು ಸ್ಟಾಪ್, ಅಂದ್ರೆ ಕಾಲು ಭಾಗ ಉಳಿಯುತ್ತೆ. ಮುಖ ಕತ್ತಲಾಯ್ತು, ಆದ್ರೆ ಹಿಂದಿನ ಜಾಗ ಇನ್ನೂ ಪೂರ್ತಿ ಬಿಸಿಲಲ್ಲಿದೆ. ಕ್ಯಾಮೆರಾವನ್ನ ಮುಖಕ್ಕೆ ಹೊಂದಿಸಿದ್ರೆ ಹಿಂದೆ ಎಲ್ಲಾ ಬಿಳಿಚಿಹೋಗುತ್ತೆ. ತೀರಾ ತೆಳುವಾದ್ರೆ ಸೂರ್ಯನ ಬಿಂಬ ಬಟ್ಟೆ ತೂರಿ ಬಂದು ನೆರಳಿನ ಅಂಚು ಮತ್ತೆ ಗಟ್ಟಿಯಾಗುತ್ತೆ. ಪರೀಕ್ಷೆ ಸುಲಭ: ಬಟ್ಟೆ ಕೆಳಗೆ ಅಂಗೈ ಮೇಲೆ ಒಂದು ಬೆರಳು ಹಿಡಿದು ನೆರಳಿನ ಅಂಚು ನೋಡಿ.

ಹಿನ್ನೆಲೆ ವಿಷಯದಲ್ಲಿ ಕಕ್ಕಬೆ ನಮ್ಮ ಕೈ ಹಿಡೀತು. ಕಾಫಿ ಗಿಡದ ಎಲೆ ಕಡು ಹಸಿರು, ಹಿಂದೆ ಮರಗಳ ನೆರಳು. ಅಜ್ಜನ ಕುರ್ಚಿಯನ್ನ ಆಕಾಶ ಕಾಣದ ಹಾಗೆ ತಿರುಗಿಸಿದ್ವಿ, ಅರ್ಧ ಸಮಸ್ಯೆ ಮುಗೀತು. ಅದೇ ಕುರ್ಚಿ ತಡಿಯಂಡಮೋಳ್ ಬೆಟ್ಟ ಕಾಣೋ ಕಡೆ ಇಟ್ಟಿದ್ರೆ ಬೆಟ್ಟವೂ ಇಲ್ಲ, ಆಕಾಶವೂ ಇಲ್ಲ, ಬರೀ ಸುಣ್ಣದ ಗೋಡೆ. ಕ್ಯಾಮೆರಾ ಹಿಡಿದ ನನ್ನ ಗೆಳೆಯ ಬೆಟ್ಟ ಬೇಕು ಅಂತ ಹತ್ತು ನಿಮಿಷ ಮುನಿಸಿಕೊಂಡಿದ್ದ.

ಅಷ್ಟೊಂದು ನೆರಳು ಮರ ಇರೋ ತೋಟದಲ್ಲಿ ಬಟ್ಟೆ ಯಾಕೆ, ಮರದ ಕೆಳಗೇ ಕೂರಿಸಬಹುದಿತ್ತಲ್ಲ ಅಂತ ಕೇಳಬಹುದು. ಅಜ್ಜನೂ ಅದನ್ನೇ ಕೇಳಿದ್ರು, "ಏನಪ್ಪಾ, ಮದುವೆ ಚಪ್ಪರ ಹಾಕ್ತಾ ಇದ್ದೀರಾ? ಸಿಲ್ವರ್ ಓಕ್ ಕೆಳಗೆ ಕೂತ್ರೆ ಆಗಲ್ವಾ?" ಆಗಲ್ಲ. ಎಲೆ ಸಂದಿಯಿಂದ ಇಳಿಯೋದು ಮೆತ್ತನೆ ಬೆಳಕಲ್ಲ, ಚೂರು ಚೂರು ಬಿಸಿಲು. ನೆಲದ ಮೇಲೆ ಕಾಣೋ ಆ ದುಂಡು ಚುಕ್ಕಿಗಳು ಪ್ರತಿಯೊಂದೂ ಸೂರ್ಯನ ಬಿಂಬವೇ. ಗ್ರಹಣದ ದಿನ ಅವೆಲ್ಲ ಕುಡುಗೋಲಿನ ಹಾಗೆ ಬಾಗಿರುತ್ತವೆ, ನೋಡಿರ್ತೀರಿ. ಅಂಥ ಒಂದು ಚುಕ್ಕಿ ಕೆನ್ನೆ ಮೇಲೆ ಕೂತ್ರೆ ತೆಗೆಯೋದು ಕಷ್ಟ, ಗಾಳಿಗೆ ಎಲೆ ಅಲ್ಲಾಡಿದ್ರೆ ಅದೂ ಮುಖದ ತುಂಬಾ ಓಡಾಡುತ್ತೆ. ಈ ಚೂರುಗಳನ್ನೆಲ್ಲ ಒಂದು ಮಾಡೋದಕ್ಕೇ ಬಟ್ಟೆ.

ತೋಟದಲ್ಲಿ ಸಿಗೋ ಬೇರೆ ಸಾಮಾನುಗಳನ್ನೂ ಪ್ರಯತ್ನಿಸಿದ್ವಿ. ನರ್ಸರಿಯ ಹಸಿರು ನೆರಳು ಬಲೆ ಬೆಳಕನ್ನ ಕಮ್ಮಿ ಮಾಡುತ್ತೆ, ಚದುರಿಸಲ್ಲ. ತೂತಿನಿಂದ ಬರೋದು ಅದೇ ಬಿಸಿಲು, ಜೊತೆಗೆ ಮುಖಕ್ಕೆ ಪಾಚಿ ಬಣ್ಣ. ನೀಲಿ ಟಾರ್ಪಾಲ್ ಬಗ್ಗೆ ಹೇಳೋದೇ ಬೇಡ. ಕೆಂಪು ಹಳದಿ ಶಾಮಿಯಾನದ ಕೆಳಗೆ ತೆಗೆದ ಮದುವೆ ಫೋಟೋಗಳಲ್ಲಿ ನೆಂಟರೆಲ್ಲ ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ ಕಾಣೋದು ನೆನಪಿದೆಯಲ್ಲ, ಅದೇ ಕಥೆ. ಬಟ್ಟೆಯ ಬಣ್ಣವೇ ಬೆಳಕಿನ ಬಣ್ಣ. ದುಡ್ಡಿಲ್ಲ ಅಂದ್ರೆ ಹಳೇ ಬಿಳಿ ಪಂಚೆ ಎರಡನ್ನ ಹೊಲಿದು ಕಟ್ಟಿ, ಇದೆಲ್ಲದಕ್ಕಿಂತ ವಾಸಿ.

ಇದೇನೂ ಹೊಸ ವಿದ್ಯೆ ಅಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಅಮೆರಿಕದ ಬಯಲು ಸ್ಟುಡಿಯೋಗಳಲ್ಲಿ ಸೆಟ್ ಮೇಲೆ ಮಸ್ಲಿನ್ ಬಟ್ಟೆ ಹೊದಿಸಿ ಬಿಸಿಲಲ್ಲೇ ಶೂಟ್ ಮಾಡ್ತಿದ್ರು. ನಮ್ಮಲ್ಲಿ 1956ರ 'ಅಪರಾಜಿತೋ' ಚಿತ್ರಕ್ಕೆ ಸುಬ್ರತ ಮಿತ್ರ ಮಾಡಿದ್ದು ಇದರ ಉಲ್ಟಾ. ಕಾಶಿಯ ಮನೆಯ ಅಂಗಳವನ್ನ ಸ್ಟುಡಿಯೋ ಒಳಗೆ ಕಟ್ಟಿದ್ರು, ಆಕಾಶ ಇರಬೇಕಾದ ಜಾಗಕ್ಕೆ ಬಿಳಿ ಬಟ್ಟೆ ಎಳೆದು ದೀಪದ ಬೆಳಕನ್ನ ಅದಕ್ಕೆ ಹೊಡೆಸಿ ಕೆಳಗೆ ಇಳಿಸಿದ್ರು. ಒರಟು ಬೆಳಕು ಕೆಟ್ಟದ್ದು ಅಂತಲೂ ಅಲ್ಲ. ಮೈಸೂರಿನವರಾದ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿಗಳಿಂದ ಬಿಸಿಲನ್ನ ಸ್ಟುಡಿಯೋ ಒಳಕ್ಕೆ ತಿರುಗಿಸಿ ಬೆಳಕಿನ ಕೋಲನ್ನೇ ನಿಲ್ಲಿಸಿದ್ರು. ಅವರಿಗೆ ಆ ಗಟ್ಟಿ ಅಂಚೇ ಬೇಕಿತ್ತು.

ಈಗ ಜಾಗ. ಬಟ್ಟೆಯನ್ನ ನೆಟ್ಟಗೆ ತಲೆ ಮೇಲೆ ಹಿಡಿದ್ರೆ ನೆರಳೂ ತಲೆ ಮೇಲೇ ಬೀಳುತ್ತೆ ಅನ್ನೋದು ಎಲ್ಲರೂ ಮಾಡೋ ತಪ್ಪು. ಸೂರ್ಯ ಆಕಾಶದಲ್ಲಿ ಅರ್ಧ ಎತ್ತರದಲ್ಲಿದ್ದಾಗ, 10 ಅಡಿ ಮೇಲಿನ ಬಟ್ಟೆಯ ನೆರಳು 10 ಅಡಿ ಆಚೆ ಬೀಳುತ್ತೆ. ಬಟ್ಟೆ ಸೂರ್ಯನ ಕಡೆಗೆ ಸರಿದಿರಬೇಕು ಅಥವಾ ವಾಲಿರಬೇಕು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತೆ, ಹಾಗಾಗಿ ಮಾತು ಉದ್ದವಾದ್ರೆ ನೆರಳಿನ ಅಂಚು ತೊಡೆ ಮೇಲೆ ಹತ್ತಿ ಬರ್ತಾನೇ ಇರುತ್ತೆ. ನಡುಹಗಲಲ್ಲಿ ಇನ್ನೊಂದು ತೊಂದರೆ: ಬೆಳಕು ಮೆತ್ತಗಾದ್ರೂ ಮೇಲಿಂದಲೇ ಬರುತ್ತೆ, ಕಣ್ಣು ಇನ್ನೂ ಸ್ವಲ್ಪ ಗುಳಿಯಲ್ಲಿರುತ್ತೆ. ಅಜ್ಜನ ಕಾಲ ಬಳಿ ಒಂದು ಥರ್ಮಾಕೋಲ್ ಹಲಗೆ ಇಟ್ವಿ, ಕಣ್ಣಿಗೆ ಜೀವ ಬಂತು. ವೈಡ್ ಶಾಟ್‌ನಲ್ಲಿ ಕಂಬ, ಹಗ್ಗ, ನೆಲದ ಮೇಲಿನ ಚೌಕ ನೆರಳು ಎಲ್ಲಾ ಕಾಣುತ್ತೆ. ಹಾಗಾಗಿ ಅದನ್ನ ಬಟ್ಟೆ ಇಲ್ಲದೆ, ಸೂರ್ಯ ಬೆನ್ನ ಹಿಂದೆ ಇರೋ ಹಾಗೆ ಮೊದಲೇ ತೆಗೆದುಕೊಂಡ್ವಿ.

ಇನ್ನು ಮಾತು ನಿಂತ ಕಥೆ.

12 ಅಡಿ ಚೌಕ ಅಂದ್ರೆ 144 ಚದರಡಿ. ಅದು ಬೆಳಕಿಗೆ ಬಟ್ಟೆ, ಗಾಳಿಗೆ ಹಾಯಿ. ಗಂಟೆಗೆ 20 ಕಿಲೋಮೀಟರ್ ಗಾಳಿಗೆ ಅದು ಎದುರಾಗಿ ನಿಂತ್ರೆ ಸುಮಾರು 25 ಕಿಲೋ ತೂಕದಷ್ಟು ನೂಕು ಬೀಳುತ್ತೆ. ಗಾಳಿ 40ಕ್ಕೆ ಏರಿದ್ರೆ ನೂಕು ಎರಡು ಪಟ್ಟು ಆಗಲ್ಲ, ನಾಲ್ಕು ಪಟ್ಟು ಆಗುತ್ತೆ, ಹತ್ತಿರ ಹತ್ತಿರ 100 ಕಿಲೋ. 20 ಅಡಿಯದಕ್ಕೆ ಅದೇ ಗಾಳಿಯಲ್ಲಿ 250 ಕಿಲೋ ದಾಟುತ್ತೆ. ಈ ಲೆಕ್ಕ ನಾನು ಹಾಕಿದ್ದು ವಾಪಸ್ ಬಂದ ಮೇಲೆ.

ಬೆಳಗ್ಗೆ ಒಂದೆಲೆ ಅಲ್ಲಾಡ್ತಿರಲಿಲ್ಲ. ಅದನ್ನ ನಂಬಿ ನಾಲ್ಕು ಸ್ಟ್ಯಾಂಡ್ ಕಾಲಿಗೆ ಒಂದೊಂದು ಚೀಲ ಮಣ್ಣು ಇಟ್ಟು, ಎರಡು ಮೂಲೆಗೆ ಮಾತ್ರ ಹಗ್ಗ ಕಟ್ಟಿ ಕೂತ್ವಿ. ಗುಡ್ಡದ ಊರಲ್ಲಿ ಬಿಸಿಲೇರಿದ ಹಾಗೆ ಇಳಿಜಾರು ಕಾಯುತ್ತೆ, ಬಿಸಿಯಾದ ಗಾಳಿ ಕಣಿವೆಯಿಂದ ಮೇಲಕ್ಕೆ ಏರೋಕೆ ಶುರುವಾಗುತ್ತೆ. ಬೆಳಗಿನ ನಿಶ್ಶಬ್ದ ಮಧ್ಯಾಹ್ನದ ಬಗ್ಗೆ ಏನೂ ಹೇಳಲ್ಲ. ಹನ್ನೆರಡೂ ಕಾಲಿಗೆ ಕೆಳಗಿನ ಗದ್ದೆ ಕಡೆಯಿಂದ ಒಂದು ಗಾಳಿ ಬಂತು. ಮೊದಲು ಬಟ್ಟೆ ಉಬ್ಬಿತು, ಆಮೇಲೆ ಹಗ್ಗ ಇಲ್ಲದ ಕಡೆ ಎದ್ದಿತು. ಒಂದು ಸ್ಟ್ಯಾಂಡ್ ಮಣ್ಣಿನ ಚೀಲದ ಸಮೇತ ಎದ್ದು ಅಜ್ಜನ ಕುರ್ಚಿಯಿಂದ ಒಂದು ಮಾರು ದೂರದಲ್ಲಿ ಬಿತ್ತು. ಅವರು ಕೂತಲ್ಲೇ ಇದ್ರು. ನನ್ನ ಕೈ ನಡುಗ್ತಾ ಇತ್ತು. ತಪ್ಪು ಪೂರ್ತಿ ನಮ್ಮದು.

ಆಮೇಲೆ ಅಜ್ಜನ ಮಗ ಸುಮ್ಮನೆ ಬೆರಳೆತ್ತಿ ತೋಟದ ಅಂಚಿನ ವಿದ್ಯುತ್ ತಂತಿ ತೋರಿಸಿದ್ರು. ನಮ್ಮ ಚೌಕಟ್ಟು ಅಲ್ಯೂಮಿನಿಯಂ ಪೈಪಿನದು. ಮೆಣಸು ಕುಯ್ಯೋ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿ ಕೊಡಗಿನವರಿಗೆ ಹೊಸದಲ್ಲ. ಬೆಳಗ್ಗೆ ಬೆಳಕಿನ ದಿಕ್ಕು ನೋಡಿದ ನಾವು ತಂತಿಯನ್ನ ನೋಡೇ ಇರಲಿಲ್ಲ.

ಹಾಗಾಗಿ ಈಗ ನಮ್ಮ ಕ್ರಮ ಬೇರೆ. ತಂತಿ ಹತ್ತಿರ ಇದ್ರೆ ಚೌಕಟ್ಟು ಗಾಡಿಯಿಂದ ಇಳಿಯೋದೇ ಇಲ್ಲ. ನಾಲ್ಕು ಮೂಲೆಗೂ ಹಗ್ಗ, ಹಗ್ಗ ನೆಲಕ್ಕೆ ಹೊಡೆದ ಗೂಟಕ್ಕೆ ಅಥವಾ ಮರದ ಬುಡಕ್ಕೆ, ಸ್ಟ್ಯಾಂಡಿನ ಕಾಲಿಗಲ್ಲ. ಪ್ರತಿ ಹಗ್ಗದ ಹತ್ತಿರ ಒಬ್ಬರು, ಫೋನ್ ಜೇಬಲ್ಲಿ. ಗಾಳಿ ಬಂದ್ರೆ ಹಿಡಿದು ಜಗ್ಗಾಡೋದಲ್ಲ, ಎದ್ದ ಕಡೆ ಬಟ್ಟೆಯ ಕಟ್ಟು ಬಿಚ್ಚಿ ಗಾಳಿ ಹೋಗೋಕೆ ದಾರಿ ಬಿಡೋದು. ಎಲೆ ಸದ್ದು ಮಾಡೋಕೆ ಶುರುವಾದ್ರೆ ಮಾತು ಎಷ್ಟೇ ಚೆನ್ನಾಗಿ ಸಾಗ್ತಿರಲಿ, ಇಳಿಸೋದು. ಬಿ.ಕಾಂ. ಬುದ್ಧಿಗೆ ಮೊದಲು ಕಂಡದ್ದು ಬಟ್ಟೆ ಬಾಡಿಗೆ ಮಾತ್ರ. ಅಸಲು ಖರ್ಚು ನಾಲ್ಕು ಜನರ ದಿನಗೂಲಿ ಮತ್ತು ಊಟ. ಅಷ್ಟು ಜನ ಇಲ್ಲದ ದಿನ ಬೆಳಗ್ಗೆ ಎಂಟೂವರೆಯೊಳಗೆ ಶೂಟ್ ಮುಗಿಸ್ತೀವಿ, ಇಲ್ಲಾ ಮೋಡಕ್ಕೆ ಕಾಯ್ತೀವಿ. ಕಕ್ಕಬೆಯಲ್ಲಿ ಜೂನ್ ಬಂದ್ರೆ ಮೋಡಕ್ಕೇನು ಬರ, ಮಳೆ ಬಿಡಬೇಕಷ್ಟೇ.

ಆ ದಿನ ನಾವು ಎಲ್ಲಾ ಕಟ್ಟಿ ಗಾಡಿಗೆ ಹಾಕ್ತಿದ್ವಿ, ಇನ್ನು ಅಜ್ಜ ಮಾತಾಡಲ್ಲ ಅಂತ. ಅವರು ಐನ್‌ಮನೆ ಜಗುಲಿ ಮೇಲೆ ಹೋಗಿ ಕೂತು, "ಕಾಫಿ ಕುಡಿದು ಬನ್ನಿ, ಇನ್ನೂ ಮುಗಿದಿಲ್ಲ" ಅಂದ್ರು. ಮೇಲೆ ಮಾಡು, ಎದುರಿಗೆ ಬಿಸಿಲು ಬಿದ್ದ ಅಂಗಳ. ಅಂಗಳದ ಬೆಳಕು ಪುಟಿದು ನೇರ ಮುಖಕ್ಕೆ. ಒಂದು ಹಗ್ಗವೂ ಬೇಕಾಗಲಿಲ್ಲ. ನೀವು ನೋಡಿದ ಎರಡನೇ ಭಾಗ ಅದು. ಎರಡೂ ಭಾಗದಲ್ಲಿ ಅವರ ಕಣ್ಣಿನ ಕೆಳಗಿನ ನೆರಳನ್ನ ಹೋಲಿಸಿ ನೋಡಿ, ಜಗುಲಿಯದೇ ಚೆನ್ನಾಗಿದೆ.