ಗ್ರಾಹಕನ ನೆನಪಿನಲ್ಲಿ ನಿಲ್ಲುವ ಹೆಸರು

ಕಿರಾಣಿ ಅಂಗಡಿಯ ಮುಂದೆ ನಿಂತ ಗ್ರಾಹಕನು ‘ಒಂದು ಸಾಬೂನು ಕೊಡಿ’ ಎಂದು ಕೇಳುವುದು ಅಪರೂಪ. ಹೆಸರು ಹಿಡಿದೇ ಕೇಳುತ್ತಾನೆ. ಆ ಹೆಸರು ಅವನ ಬಾಯಿಗೆ ಬಂದ ಅರೆಕ್ಷಣದಲ್ಲಿಯೇ ಉಳಿದ ತಯಾರಕರೆಲ್ಲರ ಪೈಪೋಟಿ ಮುಗಿದುಹೋಗಿರುತ್ತದೆ. ಅವರ ಸರಕು ಎಷ್ಟೇ ಉತ್ತಮವಾಗಿರಲಿ, ಬೆಲೆ ಎಷ್ಟೇ ಕಡಿಮೆಯಿರಲಿ, ಅದನ್ನು ಪರೀಕ್ಷಿಸಿ ನೋಡುವ ಅವಕಾಶವೇ ಒದಗುವುದಿಲ್ಲ.

ಈ ಮಾತು ಕರ್ನಾಟಕದ ಉದ್ದಿಮೆದಾರರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇಕಡ 70ರಷ್ಟು ಈ ರಾಜ್ಯದ ಪಾಲು. ಆದರೆ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೀಜದಲ್ಲಿ ಬಹುಭಾಗವು ಹುರಿಯದ ಸ್ಥಿತಿಯಲ್ಲಿಯೇ ಚೀಲಗಳಲ್ಲಿ ಹೊರದೇಶಗಳಿಗೆ ಹೋಗುತ್ತದೆ. ಅಲ್ಲಿ ಅದನ್ನು ಹುರಿದು, ಬೆರೆಸಿ, ಪೊಟ್ಟಣ ಕಟ್ಟಿದವನ ಹೆಸರು ಕುಡಿಯುವವನಿಗೆ ತಿಳಿಯುತ್ತದೆ. ಬೆಳೆದವನ ಹೆಸರು ತಿಳಿಯುವುದಿಲ್ಲ. ಬೆಲೆಯನ್ನು ನಿಗದಿಪಡಿಸುವ ಶಕ್ತಿಯೂ ಹೆಸರು ಯಾರದೋ ಅವರದೇ ಆಗಿರುತ್ತದೆ.

ಹೆಸರು ಮಾಡಲು ಅಪಾರ ಜಾಹೀರಾತು ವೆಚ್ಚ ಬೇಕೆಂಬ ನಂಬಿಕೆ ಸಣ್ಣ ವ್ಯಾಪಾರಿಗಳಲ್ಲಿ ವ್ಯಾಪಕವಾಗಿದೆ. ರಾಜ್ಯದಲ್ಲಿಯೇ ಬೆಳೆದ ಕೆಲವು ಹೆಸರುಗಳ ಚರಿತ್ರೆಯನ್ನು ಗಮನಿಸಿದರೆ ಈ ನಂಬಿಕೆ ಅರ್ಧ ಸತ್ಯವೆಂದು ತಿಳಿಯುತ್ತದೆ.

ಶರಭದ ಗುರುತು

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧಕ್ಕೆ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಅಲ್ಲಿಯವರೆಗೆ ಮರವನ್ನೇ ರಫ್ತು ಮಾಡಲಾಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಹೊರದೇಶದಲ್ಲಿ ನಡೆಯುತ್ತಿತ್ತು. ಮಾರಾಟವಾಗದೆ ಉಳಿದ ಮರದ ರಾಶಿಯೇ ಹೊಸ ಉದ್ದಿಮೆಗೆ ಕಾರಣವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಉತ್ತೇಜನದಿಂದ ಎಣ್ಣೆ ಬಟ್ಟಿಯಿಳಿಸುವ ಕಾರ್ಯ ಸಂಸ್ಥಾನದಲ್ಲಿಯೇ ಪ್ರಾರಂಭವಾಯಿತು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಸ್ಥಾಪನೆಯಾಯಿತು. ಸಾಬೂನು ತಯಾರಿಕೆಯನ್ನು ಕಲಿತುಬರಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪ್ ಮಾರುಕಟ್ಟೆಗೆ ಬಂದಿತು.

ಆಯತಾಕಾರದ ಬಿಲ್ಲೆಗಳೇ ಸಾಮಾನ್ಯವಾಗಿದ್ದಾಗ ಈ ಸಾಬೂನಿಗೆ ಅಂಡಾಕಾರ ಕೊಟ್ಟರು. ಅದನ್ನು ಒಡವೆಯ ಪೆಟ್ಟಿಗೆಯನ್ನು ನೆನಪಿಗೆ ತರುವ ಡಬ್ಬಿಯಲ್ಲಿಟ್ಟರು. ಆನೆಯ ತಲೆ, ಸಿಂಹದ ಮೈ ಇರುವ ಶರಭವನ್ನು ಮುದ್ರೆಯಾಗಿ ಆರಿಸಿಕೊಂಡರು. ಇವೆಲ್ಲಕ್ಕಿಂತ ಮಿಗಿಲಾದುದು ಪರಿಮಳ. ನೈಜ ಗಂಧದೆಣ್ಣೆಯ ಪರಿಮಳವಿದು ಎಂದು ಹೇಳಿಕೊಳ್ಳುವ ಅಧಿಕಾರ, ಮರವೂ ಎಣ್ಣೆಯೂ ತನ್ನದೇ ಆಗಿದ್ದ ತಯಾರಕನಿಗೆ ಇದ್ದಷ್ಟು ಬೇರಾರಿಗೂ ಇರಲಿಲ್ಲ. ಕಣ್ಣಿಗೆ, ಕೈಗೆ, ಮೂಗಿಗೆ ದೊರೆಯುವ ಗುರುತುಗಳೆಲ್ಲ ಒಂದೇ ಮಾತನ್ನು ಹೇಳುತ್ತಿದ್ದವು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ನಡೆಸಿ ಪ್ರಚಾರ ಮಾಡಲಾಯಿತೆಂಬ ಕಥೆ ಈ ಸಾಬೂನಿನ ಚರಿತ್ರೆಯೊಡನೆ ಇಂದಿಗೂ ಹೇಳಿಬರುತ್ತದೆ. ಮೆರವಣಿಗೆಯು ಒಂದು ದಿನ ಜನರನ್ನು ಬೀದಿಗೆ ತಂದಿರಬಹುದು. ಮತ್ತೆ ಅಂಗಡಿಗೆ ತಂದದ್ದು ಡಬ್ಬಿಯನ್ನು ತೆರೆದಾಗ ಬಂದ ವಾಸನೆ.

1980ರಲ್ಲಿ ಈ ಉದ್ದಿಮೆಯು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. 2006ರಲ್ಲಿ ಸಾಬೂನಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಲಭಿಸಿತು. ಅದೇ ವರ್ಷ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಪ್ರಚಾರ ರಾಯಭಾರಿಯಾದರು. 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳಿಗೆ 6.20 ಕೋಟಿ ರೂಪಾಯಿಗೆ ನೇಮಿಸಿದಾಗ ಕನ್ನಡದ ಕಲಾವಿದರನ್ನೇಕೆ ಆರಿಸಲಿಲ್ಲವೆಂಬ ಆಕ್ಷೇಪ ಎದ್ದಿತು. ಆಕ್ಷೇಪದ ಸರಿತಪ್ಪು ಏನೇ ಇರಲಿ, ಒಂದು ಸಾಬೂನಿನ ಜಾಹೀರಾತು ತಮ್ಮ ಮನೆಯ ವಿಷಯವೆಂದು ಸಾವಿರಾರು ಜನ ಭಾವಿಸಿದ್ದು ಗಮನಾರ್ಹ. ಹಣ ಕೊಟ್ಟು ಕೊಳ್ಳಲಾಗದ ಸ್ವತ್ತು ಇದು. ರಾಯಭಾರಿಗಳು ಬಂದು ಹೋಗುತ್ತಾರೆ. ಅಂಡಾಕಾರ, ಶರಭ, ಗಂಧದ ವಾಸನೆ ಇವು ಮೂರೂ ನೂರು ವರ್ಷಗಳಿಂದ ಹಾಗೆಯೇ ಇವೆ.

ಇಂತಹ ಸ್ವತ್ತಿಗೆ ಕಳ್ಳರ ಕಾಟವೂ ಇದ್ದದ್ದೇ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದೇ ಹೆಸರು, ಇದೇ ಬಗೆಯ ಡಬ್ಬಿಯ ನಕಲಿ ಸಾಬೂನು ತಯಾರಿಕೆ ಪತ್ತೆಯಾಯಿತು.

ಹೋಟೆಲಿನ ಅಡುಗೆಮನೆ

ಸರ್ಕಾರದ ಬೆಂಬಲವಿದ್ದ ಉದ್ದಿಮೆಯ ಮಾತು ಬೇರೆ, ಖಾಸಗಿ ವ್ಯಾಪಾರಿಗೆ ಇದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಅವರಿಗೆ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಉತ್ತರವಾಗಬಲ್ಲದು. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬ್ರಾಹ್ಮಿಣ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಆರಂಭಿಸಿದ ಹೋಟೆಲಿದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಪ್ರವಾಸ ಮಾಡಿ, ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದರು. ಪಾತ್ರೆಗಳನ್ನು ಕುದಿಯುವ ನೀರಿನಲ್ಲಿ ತೊಳೆಯುವುದು, ಅಡುಗೆಮನೆಯನ್ನು ಗ್ರಾಹಕರು ನೋಡಲು ತೆರೆದಿಡುವುದು ಇವು ಆ ಹೋಟೆಲಿನ ಪದ್ಧತಿಗಳಾದವು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ಈಗಿನ ಹೆಸರು ಬಂದಿತು.

‘ನಮ್ಮಲ್ಲಿ ಶುಚಿ-ರುಚಿಯಾದ ತಿಂಡಿ ದೊರೆಯುತ್ತದೆ’ ಎಂಬ ಫಲಕ ಯಾವ ಹೋಟೆಲಿನಲ್ಲಿ ಇಲ್ಲ? ಎಲ್ಲರೂ ಹೇಳುವ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅಡುಗೆಮನೆಯ ಬಾಗಿಲು ತೆರೆದಿಟ್ಟವನು ಮಾತು ಆಡಬೇಕಾಗಿಯೇ ಇಲ್ಲ. ನೋಡಿಬಂದ ಗ್ರಾಹಕನೇ ಊರೆಲ್ಲ ಹೇಳುತ್ತಾನೆ. ಇದಕ್ಕೆ ಆದ ವೆಚ್ಚ ಅಡುಗೆಮನೆಯನ್ನು ಪ್ರತಿದಿನವೂ ಶುಚಿಯಾಗಿಡುವ ವೆಚ್ಚ ಮಾತ್ರ. ಅದು ಅಗ್ಗದ್ದೆಂದು ಭಾವಿಸಬಾರದು. ವರ್ಷದಲ್ಲಿ ಒಂದು ದಿನವೂ ಬಾಗಿಲು ಮುಚ್ಚುವ ಸ್ವಾತಂತ್ರ್ಯ ಅವನಿಗಿಲ್ಲ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಯ ಮೇಲೆ ನಿಯಂತ್ರಣ ಬಂದಾಗ ಸಂಸ್ಥೆಯು ಸಿದ್ಧ ಮಿಶ್ರಣಗಳ ತಯಾರಿಕೆಯತ್ತ ತಿರುಗಿತು. ಹೋಟೆಲಿನಲ್ಲಿ ಗಳಿಸಿದ ನಂಬಿಕೆಯು ಪೊಟ್ಟಣದ ಮೇಲಿನ ‘ಎಂಟಿಆರ್’ ಎಂಬ ಅಕ್ಷರಗಳೊಡನೆ ಮನೆಮನೆಗೆ ಹೋಯಿತು. 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯು ಎಂಟಿಆರ್ ಫುಡ್ಸ್ ಕಂಪನಿಯನ್ನು ಕೊಂಡುಕೊಂಡಿತು. ಹೋಟೆಲುಗಳು ಕುಟುಂಬದವರಲ್ಲಿಯೇ ಉಳಿದವು. ಕಂಪನಿಯನ್ನು ಬೆಳೆಸಿದ್ದ ಸದಾನಂದ ಮಯ್ಯರು ಬಳಿಕ ‘ಮಯ್ಯಾಸ್’ ಎಂಬ ಹೆಸರಿನಲ್ಲಿ ಹೊಸ ಉದ್ದಿಮೆಯನ್ನು ಕಟ್ಟಿದರು.

ಇಲ್ಲಿ ಕುಟುಂಬದ ವ್ಯಾಪಾರ ನಡೆಸುವವರು ಗಮನಿಸಬೇಕಾದ ಸೂಕ್ಷ್ಮವಿದೆ. ಸಂಸ್ಥೆಯ ಹೆಸರು ಒಂದು, ಮನೆತನದ ಹೆಸರು ಇನ್ನೊಂದು ಆಗಿದ್ದುದರಿಂದಲೇ ಒಂದನ್ನು ಮಾರಿ ಇನ್ನೊಂದರಿಂದ ಮತ್ತೆ ಆರಂಭಿಸುವುದು ಸಾಧ್ಯವಾಯಿತು. ಎರಡೂ ಒಂದೇ ಆಗಿದ್ದಲ್ಲಿ ಏನಾಗುತ್ತದೆಂಬುದನ್ನು ಯಾವ ಊರಿನ ಪೇಟೆಬೀದಿಯಲ್ಲಿಯೂ ಕಾಣಬಹುದು. ಅಣ್ಣತಮ್ಮಂದಿರು ಪಾಲಾಗುತ್ತಾರೆ. ಒಂದೇ ಸಿಹಿತಿಂಡಿ ಅಂಗಡಿ ಎರಡಾಗುತ್ತದೆ. ಒಂದರ ಫಲಕದಲ್ಲಿ ‘ಮೂಲ’ ಎಂದೂ ಇನ್ನೊಂದರಲ್ಲಿ ‘ಹೊಸ’ ಎಂದೂ ಸೇರುತ್ತದೆ. ಗ್ರಾಹಕನಿಗೆ ಯಾವುದು ಯಾವುದೆಂದು ತಿಳಿಯದೆ ಮೂರನೆಯ ಅಂಗಡಿಗೆ ಹೋಗುತ್ತಾನೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಹೆಸರಿನಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವುದನ್ನು ಕಾನೂನು ತಡೆಯುವುದಿಲ್ಲವಾದುದರಿಂದ ಇಂತಹ ವ್ಯಾಜ್ಯಗಳು ವರ್ಷಗಟ್ಟಲೆ ನಡೆಯುತ್ತವೆ. ಪಾಲುದಾರಿಕೆ ಪತ್ರದಲ್ಲಿ ಅಂಗಡಿ, ಗೋದಾಮು, ವಾಹನಗಳ ವಿವರ ಬರೆಯುವವರು ಹೆಸರು ಯಾರ ಸ್ವತ್ತೆಂಬ ಒಂದು ಸಾಲನ್ನು ಬರೆಯಲು ಮರೆಯುತ್ತಾರೆ. ವ್ಯಾಪಾರದಲ್ಲಿ ಅತಿ ಬೆಲೆಬಾಳುವುದು ಅನೇಕ ವೇಳೆ ಆ ಹೆಸರೇ ಆಗಿರುತ್ತದೆ.

ವ್ಯಕ್ತಿಯೇ ಗುರುತಾದಾಗ

ವ್ಯಕ್ತಿಯ ಮುಖ, ಮಾತು, ನಡೆನುಡಿಗಳೇ ಸಂಸ್ಥೆಯ ಪ್ರಚಾರವಾಗುವುದುಂಟು. ಇದರ ಲಾಭವನ್ನೂ ಅಪಾಯವನ್ನೂ ತಿಳಿಯಲು ಬೆಂಗಳೂರಿನಿಂದಲೇ ಹಾರಿದ ಎರಡು ವಿಮಾನ ಸಂಸ್ಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಸೇನೆಯಿಂದ ನಿವೃತ್ತರಾಗಿ, ಹಾಸನ ಜಿಲ್ಲೆಯಲ್ಲಿ ಕೃಷಿ ಮಾಡಿದ್ದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಮೈಸೂರಿನಲ್ಲಿ ಜನಿಸಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನನ್ನು ಸಂಸ್ಥೆಯ ಗುರುತಾಗಿ ಆರಿಸಿಕೊಂಡರು. ಚೌಕಳಿ ಅಂಗಿಯ, ಪಂಚೆಯುಟ್ಟ ಆ ವೃದ್ಧನನ್ನು ಕಂಡವನಿಗೆ ವಿಮಾನ ಯಾರಿಗಾಗಿ ಎಂದು ವಿವರಿಸಬೇಕಾಗಿರಲಿಲ್ಲ. ಒಂದು ರೂಪಾಯಿಯ ಟಿಕೆಟ್ ಅದೇ ಮಾತನ್ನು ಬೆಲೆಯಲ್ಲಿ ಹೇಳಿತು.

2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್ ವಿರುದ್ಧ ದಿಕ್ಕಿನದು. ಬಿಯರಿನ ಹೆಸರು, ಕೆಂಪು ಬಣ್ಣ, ಅದ್ದೂರಿ ಸೇವೆ, ಎಲ್ಲಕ್ಕಿಂತ ಮುಂದೆ ಒಡೆಯ ವಿಜಯ್ ಮಲ್ಯ ಅವರ ವ್ಯಕ್ತಿತ್ವ. ವಿಮಾನದೊಳಗಿನ ಪರದೆಯಲ್ಲಿ ಅವರೇ ಕಾಣಿಸಿಕೊಂಡು ಪ್ರಯಾಣಿಕರನ್ನು ಸ್ವಾಗತಿಸುತ್ತಿದ್ದರು. 2007ರಲ್ಲಿ ಮಲ್ಯ ಅವರ ಸಮೂಹವು ಡೆಕ್ಕನ್‌ನಲ್ಲಿ ಪಾಲು ಕೊಂಡಿತು; 2008ರಲ್ಲಿ ಅದರ ಹೆಸರು ಕಿಂಗ್‌ಫಿಷರ್ ರೆಡ್ ಎಂದಾಯಿತು. ಶ್ರೀಸಾಮಾನ್ಯ ಕೆಳಗಿಳಿದ. ಅಗ್ಗದ ಪ್ರಯಾಣಕ್ಕೆಂದು ಜನ ಗುರುತಿಸಿದ್ದ ಚಿಹ್ನೆಯ ಜಾಗದಲ್ಲಿ ಅದ್ದೂರಿತನದ ಚಿಹ್ನೆ ಕುಳಿತಾಗ ಎರಡೂ ಮಸುಕಾದವು. ಸಂಸ್ಥೆಯ ಪತನಕ್ಕೆ ಸಾಲದ ಹೊರೆ, ಇಂಧನದ ಬೆಲೆ ಮೊದಲಾದ ಕಾರಣಗಳು ಅನೇಕವಿದ್ದವು. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು.

ಆಮೇಲಿನದು ಬ್ರಾಂಡ್‌ಗಳ ಬೆಲೆ ಕಟ್ಟುವವರೆಲ್ಲ ಓದಬೇಕಾದ ಅಧ್ಯಾಯ. ವಿಮಾನ ಸಂಸ್ಥೆಯ ಹೆಸರು ಮತ್ತು ಚಿಹ್ನೆಗಳನ್ನು ಬ್ಯಾಂಕುಗಳು ಸಾಲಕ್ಕೆ ಆಧಾರವಾಗಿ ಪಡೆದಿದ್ದವು. ಏರುಕಾಲದಲ್ಲಿ ಅವುಗಳಿಗೆ 4,000 ಕೋಟಿ ರೂಪಾಯಿಗೂ ಮಿಗಿಲಾದ ಮೌಲ್ಯ ಕಟ್ಟಲಾಗಿತ್ತು. 2016ರ ಏಪ್ರಿಲ್‌ನಲ್ಲಿ 366.70 ಕೋಟಿ ರೂಪಾಯಿಯ ಮೀಸಲು ಬೆಲೆಗೆ ಹರಾಜಿಗಿಟ್ಟಾಗ ಒಬ್ಬನೂ ಕೂಗಲಿಲ್ಲ. ಒಡೆಯರು ಅದಕ್ಕೆ ಮೊದಲೇ, ಮಾರ್ಚ್ ತಿಂಗಳಿನಲ್ಲಿ, ದೇಶ ಬಿಟ್ಟಿದ್ದರು. ಅದೇ ಹೆಸರಿನ ಬಿಯರಾದರೋ ಇಂದಿಗೂ ಮಾರಾಟವಾಗುತ್ತಿದೆ. ಅದನ್ನು ತಯಾರಿಸುವ ಕಂಪನಿ ಈಗ ಹೈನೆಕೆನ್ ಸಂಸ್ಥೆಯ ಹಿಡಿತದಲ್ಲಿದೆ. ಬಾಟಲಿಯೊಳಗಿನ ಸರಕು ಬದಲಾಗದಿದ್ದುದರಿಂದ ಬಾಟಲಿಯ ಮೇಲಿನ ಹಕ್ಕಿ ಉಳಿಯಿತು. ವ್ಯಕ್ತಿಯ ವೈಭವಕ್ಕೆ ಅಂಟಿಸಿದ ಹಕ್ಕಿಗೆ ನಿಲ್ಲಲು ಕೊಂಬೆಯೇ ಇರಲಿಲ್ಲ.

ಊರಿನ ಹೆಸರು, ಅಂಗಡಿಯ ಹೆಸರು

ಧಾರವಾಡ ಪೇಡ, ಮೈಸೂರು ರೇಷ್ಮೆ, ಚನ್ನಪಟ್ಟಣದ ಬೊಂಬೆಗಳಂತಹ ಸರಕುಗಳಿಗೆ ಊರೇ ಹೆಸರು ತಂದುಕೊಟ್ಟಿದೆ. 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಿಕೆಗಳ ಕಾಯಿದೆಯಿಂದ ಇವುಗಳಿಗೆ ರಕ್ಷಣೆಯೂ ದೊರೆತಿದೆ. ಆದರೆ ಈ ರಕ್ಷಣೆ ಹೊರಗಿನ ನಕಲುಗಾರನಿಂದ. ಪಕ್ಕದ ಅಂಗಡಿಯಿಂದ ಅಲ್ಲ. ಧಾರವಾಡದ ಲೈನ್ ಬಜಾರಿನಲ್ಲಿ ಬಾಬುಸಿಂಗ್ ಠಾಕೂರರ ಪೇಡದ ಅಂಗಡಿಯನ್ನೇ ಹುಡುಕಿಕೊಂಡು ಬರುವವರಿದ್ದಾರೆ, ಮಿಶ್ರಾ ಪೇಡವನ್ನೇ ಕೇಳುವವರಿದ್ದಾರೆ. ಊರಿನ ಹೆಸರು ಗ್ರಾಹಕನನ್ನು ಪೇಟೆಯವರೆಗೆ ಕರೆತರುತ್ತದೆ. ಅಲ್ಲಿಂದ ಮುಂದೆ ಅಂಗಡಿಯ ಹೆಸರು ಕೆಲಸ ಮಾಡಬೇಕು.

ಸಣ್ಣ ವ್ಯಾಪಾರಿಯು ಈ ಹೆಸರನ್ನು ಎಷ್ಟು ಕಡೆ ಚೆಲ್ಲುತ್ತಾನೆಂಬುದು ಆಶ್ಚರ್ಯದ ಸಂಗತಿ. ಫಲಕದಲ್ಲಿ ಒಂದು ಹೆಸರು, ರಸೀದಿಯಲ್ಲಿ ‘ಎಂಟರ್‌ಪ್ರೈಸಸ್’ ಸೇರಿದ ಇನ್ನೊಂದು ಹೆಸರು, ಕೈಚೀಲದ ಮೇಲೆ ಚೀಲ ತಯಾರಿಸಿದವನ ಹೆಸರು. ಈಗ ಇದಕ್ಕೆ ಇನ್ನೊಂದು ಸೇರಿದೆ. ಗ್ರಾಹಕನು ಮೊಬೈಲಿನಲ್ಲಿ ಹಣ ಪಾವತಿಸಿದಾಗ ಪರದೆಯ ಮೇಲೆ ಮೂಡುವುದು ಮಾಲೀಕನ ಅಥವಾ ಅವನ ಮಗನ ಬ್ಯಾಂಕ್ ಖಾತೆಯ ಹೆಸರು. ತಿಂಗಳ ನಂತರ ಆ ಅಂಗಡಿ ಯಾವುದೆಂದು ನೆನಪಿಸಿಕೊಳ್ಳಲು ಅವನು ಪಾವತಿಯ ಪಟ್ಟಿಯನ್ನು ತೆರೆದರೆ ಅಂಗಡಿಯ ಸುಳಿವೇ ಇರುವುದಿಲ್ಲ. ವ್ಯಾಪಾರದ ಹೆಸರಿನಲ್ಲಿ ಖಾತೆ ತೆರೆದು ಅದಕ್ಕೇ ಕ್ಯೂಆರ್ ಕೋಡ್ ಪಡೆದರೆ ಪ್ರತಿ ಪಾವತಿಯೂ ಬಿಟ್ಟಿ ಜಾಹೀರಾತಾಗುತ್ತದೆ.

ನೋಂದಣಿಯ ಮಾತು

ಹೆಸರನ್ನು ಆರಿಸುವ ಹಂತದಲ್ಲಿಯೇ ಟ್ರೇಡ್‌ಮಾರ್ಕ್ ಕಾಯಿದೆಯನ್ನು ಗಮನದಲ್ಲಿಟ್ಟುಕೊಳ್ಳುವುದು ಲೇಸು. ಸರಕಿನ ಗುಣವನ್ನೋ ಹುಟ್ಟಿದ ಊರನ್ನೋ ಮಾತ್ರ ಸೂಚಿಸುವ ಪದಗಳಿಗೆ ಸಾಮಾನ್ಯವಾಗಿ ನೋಂದಣಿ ದೊರೆಯುವುದಿಲ್ಲ. ದೀರ್ಘಕಾಲದ ಬಳಕೆಯಿಂದ ಆ ಪದವು ತನ್ನ ಸರಕಿನ ಗುರುತೇ ಆಗಿದೆಯೆಂದು ಅರ್ಜಿದಾರನು ತೋರಿಸಬೇಕಾಗುತ್ತದೆ. ‘ಶುದ್ಧ ತುಪ್ಪ’ ಎಂದು ಹೆಸರಿಟ್ಟವನು ಅದನ್ನು ತನ್ನದೆಂದು ಹೇಳಿಕೊಳ್ಳಲಾರ. ನೋಂದಾಯಿಸದ ಹೆಸರಿಗೂ ನ್ಯಾಯಾಲಯದಲ್ಲಿ ಪರಿಹಾರವುಂಟು. ಆದರೆ ಎಷ್ಟು ವರ್ಷಗಳಿಂದ ಬಳಸಿದ್ದೇವೆ, ಜನ ಹೇಗೆ ಗುರುತಿಸುತ್ತಾರೆ ಎಂಬುದನ್ನೆಲ್ಲ ಹಳೆಯ ರಸೀದಿ, ಜಾಹೀರಾತುಗಳಿಂದ ಸಾಬೀತುಪಡಿಸುವ ಹೊಣೆ ದೂರುದಾರನ ಮೇಲೆ ಬೀಳುತ್ತದೆ. ಹಳೆಯ ಬಿಲ್ ಪುಸ್ತಕಗಳನ್ನು ರದ್ದಿಗೆ ಹಾಕಿದವರು ಇದನ್ನು ತಡವಾಗಿ ಅರಿಯುತ್ತಾರೆ.

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಆನ್‌ಲೈನ್ ಮೂಲಕ ಊರಿನಿಂದಲೇ ಸಲ್ಲಿಸಬಹುದು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದ್ದು, ಶುಲ್ಕವು ವರ್ಗವೊಂದಕ್ಕೆ ಲೆಕ್ಕ. 2017ರ ನಿಯಮಗಳ ಪ್ರಕಾರ ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ನವೋದ್ಯಮಗಳು ಹಾಗೂ ಸಣ್ಣ ಉದ್ದಿಮೆಗಳಿಗೆ 4,500 ರೂಪಾಯಿ, ಇತರರಿಗೆ 9,000 ರೂಪಾಯಿ. ಪರಿಶೀಲನೆಯ ನಂತರ ಗುರುತು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆ ದಿನದಿಂದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ನೋಂದಣಿಯ ಅವಧಿ 10 ವರ್ಷ; ಪ್ರತಿ ಬಾರಿಯೂ ಮತ್ತೆ 10 ವರ್ಷಗಳಂತೆ ಎಷ್ಟು ಸಲವಾದರೂ ನವೀಕರಿಸಿಕೊಳ್ಳಬಹುದು. ನೋಂದಾಯಿಸಿ ಐದು ವರ್ಷಕ್ಕೂ ಮೀರಿ ಬಳಸದೆ ಬಿಟ್ಟ ಗುರುತನ್ನು ತೆಗೆದುಹಾಕುವಂತೆ ಇನ್ನೊಬ್ಬರು ಕೋರಲು ಅವಕಾಶವಿದೆ. ಜರ್ನಲ್ ಪ್ರತಿ ವಾರವೂ ಪ್ರಕಟವಾಗುತ್ತಿದ್ದು, ತಮ್ಮ ಹೆಸರನ್ನು ಹೋಲುವ ಗುರುತಿಗೆ ಬೇರೆ ಯಾರಾದರೂ ಅರ್ಜಿ ಹಾಕಿದ್ದಾರೆಯೇ ಎಂಬುದನ್ನು ಯಾವ ಶುಲ್ಕವೂ ಇಲ್ಲದೆ ಅದರಲ್ಲಿ ನೋಡಬಹುದು.